ಸುಮ್ನೆ ಕೇಳೋಕೆ ಬಂದವಳು

"ಕೊನೆಯವ್ರು ಯಾರು?"

ಸ್ಲಾವ್ಕಾ ಬಾಗಿಲಲ್ಲೇ ನಿಂತು ಕೇಳಿದಳು. ಇಬ್ಬರು ಒಟ್ಟಿಗೆ "ನಾನು" ಅಂದರು. ಆಮೇಲೆ ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ನೋಡಿದರು. ಸ್ಲಾವ್ಕಾ ಇಬ್ಬರಲ್ಲಿ ಯಾರ ಮುಖ ನೆನಪಿಟ್ಟುಕೊಳ್ಳುವುದೆಂದು ತಿಳಿಯದೆ ಕೋಟಿನ ಮೇಲೆ ಬಿದ್ದಿದ್ದ ಹಿಮ ಕೊಡವುತ್ತ ನಿಂತಳು.

ನಮ್ಮೂರ ಡಾಕ್ಟರ ಬಾಗಿಲಲ್ಲಿ ಯಾರೂ ಸಾಲಾಗಿ ನಿಲ್ಲುವುದಿಲ್ಲ. ಸಾಲು ಜನರ ತಲೆಯೊಳಗಿರುತ್ತದೆ. ಬಂದವರು ಕೊನೆಯವರು ಯಾರೆಂದು ಕೇಳಿ ಗುರುತಿಟ್ಟುಕೊಂಡರೆ ಸಾಕು, ಎಲ್ಲಿ ಬೇಕಾದರೂ ಕೂತು ಊರಿನ ಸುದ್ದಿ ಮಾತಾಡಬಹುದು. ಚೆನ್ನಾಗಿಯೇ ನಡೆಯುತ್ತಿತ್ತು. ಈಚೆಗೆ ಸಿಸ್ಟರ್ ಯುಲಿಯಾ ಫೋನಿನಲ್ಲೂ ಟೈಮ್ ಕೊಡಲು ಶುರು ಮಾಡಿದ ಮೇಲೆ ಟೈಮಿನವರು ಒಂದು ಕಡೆ, ಸಾಲಿನವರು ಒಂದು ಕಡೆ ಆಗಿ ಯಾರು ಯಾರ ಹಿಂದೆ ಎಂಬುದು ದೇವರಿಗೇ ಗೊತ್ತು.

"ನೀನು ಫೋನ್ ಟೈಮಾ, ಸಾಲಾ?" ಗಿನ್ಕಾ ಕೇಳಿದಳು. ರೈಲಿನಲ್ಲಿ ಟಿಕೆಟ್ ನೋಡಿ ನೋಡಿ ನಿವೃತ್ತಿಯಾದವಳು ಅವಳು. ಅವಳ ಮುಂದೆ ನಿಂತರೆ ಟಿಕೆಟ್ ಇದ್ದವರೂ ಜೇಬು ತಡವಿಕೊಳ್ಳಬೇಕು.

"ಎರಡೂ ಅಲ್ಲ ಅನ್ಸುತ್ತೆ," ಎಂದಳು ಸ್ಲಾವ್ಕಾ. "ಸಿಸ್ಟರ್ ಸುಮ್ನೆ ಬಂದ್ಬಿಡಿ ಅಂದ್ರು."

ಅವಳು ಹೇಳಿದ್ದು ನಿಜ. ಹಲವು ದಿನ ಎಂಗೇಜ್ ಎಂಗೇಜ್ ಎಂದು ಕೊನೆಗೂ ಫೋನ್ ಹತ್ತಿದಾಗ ಗಂಡ ಮಿಂಚೊ ಅಡುಗೆಮನೆಯಲ್ಲೇ ಕೂತು ಸೂಪಿಗೆ ಬ್ರೆಡ್ ಮುರಿದು ಹಾಕಿಕೊಳ್ಳುತ್ತಿದ್ದ. "ಏನ್ ತೊಂದ್ರೆ?" ಎಂದು ಸಿಸ್ಟರ್ ಕೇಳಿದಳು. ಎದೆಯಲ್ಲಿ, ಕಂಕುಳ ಹತ್ತಿರ, ಒಂದು ಗಂಟು ಸಿಕ್ಕಿದೆ ಎಂದು ಹೇಳಬೇಕಿತ್ತು. ಸ್ಲಾವ್ಕಾ ಗಂಡನ ಬೆನ್ನು ನೋಡಿ, "ಏನಿಲ್ಲಮ್ಮ, ಸುಮ್ನೆ ಒಂದು ಮಾತು ಕೇಳ್ಬೇಕಿತ್ತು" ಎಂದುಬಿಟ್ಟಳು. "ಕೇಳೋಕೆ ಟೈಮ್ ಯಾಕೆ? ಬನ್ನಿ, ನಡುವೆ ಕೇಳ್ಕೊಂಡು ಹೋಗಿ." ಫೋನ್ ಇಟ್ಟಾಯಿತು.

"ಹಾಗಂದ್ರೆ ನೀನು ಸುಮ್ನೆ ಕೇಳೋಳು!" ಎಂದು ಗಿನ್ಕಾ ತೀರ್ಪು ಕೊಟ್ಟಳು. ಬೆಂಚಿನವರೆಲ್ಲ ನಿರಾಳವಾಗಿ ಉಸಿರುಬಿಟ್ಟರು. ಸುಮ್ಮನೆ ಕೇಳುವವರು ಯಾರ ಸರದಿಯನ್ನೂ ಕಸಿಯುವುದಿಲ್ಲ. ಒಳಗೊಬ್ಬ ರೋಗಿ ಇರುವಾಗಲೇ ಬಾಗಿಲು ಅರೆ ತೆರೆದು, ತಲೆ ತೂರಿಸಿ, ಕೇಳಿ ಬರುತ್ತಾರೆ. "ಹೋಗೇ, ಈಗ್ಲೇ ಕೇಳ್ಬಿಡು. ನಿನ್ನಿಂದ ಇಲ್ಲೊಂದು ಜಾಗ ಖಾಲಿ ಆಗ್ಲಿ."

"ಇಲ್ಲ, ನಾನು ಕಾಯ್ತೀನಿ—"

"ಕೇಳೋಕೆ ಯಾಕೆ ಕಾಯ್ತೀಯ? ಮಾತು ಹಳಸುತ್ತಾ?"

ಎಲ್ಲರೂ ನಕ್ಕರು. ಅಷ್ಟರಲ್ಲಿ ಯಾರೋ ಬೆನ್ನಿಗೆ ಕೈ ಹಾಕಿ ಅವಳನ್ನು ಬಾಗಿಲೊಳಗೆ ತಳ್ಳಿಯೇಬಿಟ್ಟರು.

ಒಳಗೆ ಮುದುಕ ಪೆಂಚೊ ಅಂಗಿ ಬಿಚ್ಚಿ, ತೋಳಿಗೆ ಬಿ.ಪಿ. ಪಟ್ಟಿ ಸುತ್ತಿಸಿಕೊಂಡು ಕೂತಿದ್ದ. ಡಾಕ್ಟರ್ ಕಾಮೆನ್ ತಲೆ ಎತ್ತಿ ಮುಗುಳ್ನಕ್ಕರು. ಶಿಶುವಿಹಾರದಲ್ಲಿ ಅಡುಗೆಯವಳಾಗಿದ್ದ ಸ್ಲಾವ್ಕಾ ಮಾಡಿದ ಹಾಲನ್ನವನ್ನು ಮೂರು ಸಲ ಹಾಕಿಸಿಕೊಂಡು ತಿಂದ ಹುಡುಗ ಅವರು. ಆ ಹುಡುಗನ ಮುಂದೆ ಎದೆ ತೋರಿಸಬೇಕಲ್ಲ ಎಂಬ ನಾಚಿಕೆಯೊಂದೇ ಅವಳನ್ನು ಇಷ್ಟು ದಿನ ಮನೆಯಲ್ಲಿ ಕೂರಿಸಿತ್ತು. ಈಗ ಪೆಂಚೊ ಬೇರೆ ಕಿವಿ ಅಗಲಿಸಿಕೊಂಡು ಕೂತಿದ್ದಾನೆ. ಬೆನ್ನ ಹಿಂದೆ ಬಾಗಿಲು ತೆರೆದೇ ಇದೆ.

"ಹೇಳಿ ಅತ್ತೆ."

"ಮಿಂಚೊನ ಬಿ.ಪಿ. ಮಾತ್ರೆ... ಊಟಕ್ಕೆ ಮುಂಚೇನಾ, ಆಮೇಲಾ?"

"ಆಮೇಲೆ. ಯಾವಾಗ್ಲೂ ಆಮೇಲೇನೇ ಅಲ್ವಾ ಅತ್ತೆ?"

"ಹೌದಪ್ಪ. ಹೌದು. ಸುಮ್ನೆ ಕೇಳ್ದೆ."

ಹೊರಗೆ ಬಂದಾಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ಅಳುವೂ ಬಂತು. ಅಲ್ಲಿಂದಲೇ ನೇರ ಮನೆಗೆ ಹೋಗಬಹುದಿತ್ತು. ಹೋಗಿದ್ದರೆ ಮತ್ತೆ ಬರುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಗೋಡೆಗೆ ಒರಗಿ ನಿಂತು ಮೆಲ್ಲಗೆ ಕೇಳಿದಳು: "ಕೊನೆಯವ್ರು ಯಾರು?"

"ಅಯ್ಯೋ, ಇವಳು ಮತ್ತೆ!" ಎಂದಳು ಗಿನ್ಕಾ. "ಕೇಳಿ ಆಯ್ತಲ್ಲೇ?"

"ಒಂದು ಮರ್ತುಹೋಯ್ತು."

"ಮನೆಗೆ ಹೋಗಿ ನೆನಪು ಮಾಡ್ಕೊಂಡು ಬಾ. ಕೇಳೋರು ಒಂದೇ ಸಲ ಕೇಳೋದು. ಇನ್ನೊಂದು ಸಲ ಅಂದ್ರೆ ನೀನು ಸಾಲು. ಸಾಲು ಅಂದ್ರೆ ಮೊದ್ಲೇ ಹೇಳ್ಬೇಕಿತ್ತು."

"ಇವರ ಹಿಂದೆ ನಾನು," ಎಂದ ಬೆಂಚಿನ ತುದಿಯಲ್ಲಿ ಕೂತು ಬಾನಿತ್ಸಾ ಎಂಬ ಚೀಸ್ ತುಂಬಿದ ತಿಂಡಿ ತಿನ್ನುತ್ತಿದ್ದ ಗಂಡಸು. "ಇವರು ಸಾಲಾದ್ರೆ ನನ್ನ ಹಿಂದೆ ಯಾರು?"

"ನಿಮಗೆ ಟೈಮ್ ಇದೆಯಲ್ಲ ಸ್ವಾಮಿ, ನಿಮ್ಮ ಹಿಂದೆ ಯಾಕೆ ಯಾರಾದ್ರೂ ಇರ್ತಾರೆ?" ಎಂದರು ಬೆಂಚಿನಿಂದ ಯಾರೋ.

"ನನ್ನ ಟೈಮ್ ಆಗಿಹೋಯ್ತು, ಈಗ ನಾನೂ ಸಾಲೇ!"

ಈ ಲೆಕ್ಕ ಯಾರಿಗೂ ಬಗೆಹರಿಯದೆ ಇರುವಾಗ ಸಿಸ್ಟರ್ ಯುಲಿಯಾ ತಲೆ ಹೊರಹಾಕಿದಳು. "ದೊಡ್ಡಾಸ್ಪತ್ರೆ ಚೀಟಿ ಬೇಕಾದವ್ರು ಕೇಳಿಸ್ಕೊಳ್ಳಿ. ಇನ್ನೊಂದೇ ಒಂದು ಉಳಿದಿರೋದು. ಆಮೇಲೆ ಬರೋ ತಿಂಗಳು."

ತಿಂಗಳಿಗೆ ಇಷ್ಟೇ ಚೀಟಿ ಎಂದು ರಾಜಧಾನಿ ಸೋಫಿಯಾದಲ್ಲಿ ಕೂತವರು ನಿಗದಿ ಮಾಡಿಟ್ಟಿದ್ದಾರೆ. ಚೀಟಿ ಇಲ್ಲದೆ ಪ್ಲೆವೆನ್‌ನ ದೊಡ್ಡ ಡಾಕ್ಟರ ಮುಖ ನೋಡುವ ಹಾಗಿಲ್ಲ. ಹೀಗಾಗಿ ಬೆಂಚು ಒಮ್ಮೆಲೇ ಎದ್ದು ನಿಂತಿತು. ಒಬ್ಬನಿಗೆ ಮಂಡಿ, ಇನ್ನೊಬ್ಬಳಿಗೆ ಥೈರಾಯಿಡ್, ಬಾನಿತ್ಸಾದವನಿಗೆ ಕಿವಿಯೊಳಗೆ ಸದಾ ಗುಂಯ್ ಎನ್ನುವ ಸದ್ದು. ಎಲ್ಲರೂ ತಮ್ಮ ತಮ್ಮ ರೋಗವನ್ನು ಕೂಗಿ ಹೇಳತೊಡಗಿದರು.

"ಮುಚ್ಚಿ ಬಾಯಿ!" ಗಿನ್ಕಾ ಅಬ್ಬರಿಸಿದಳು. "ಈಗ ನನ್ನ ಸರದಿ. ನನಗೆ ಎರಡು ಕಣ್ಣಲ್ಲೂ ಪೊರೆ. ಎದುರಿಗಿರೋದು ನೀವೋ ನಿಮ್ಮಪ್ಪನೋ ಕಾಣಲ್ಲ. ಚೀಟಿ ನಂದು." ಆಮೇಲೆ ಗೋಡೆಯ ಕಡೆ ತಿರುಗಿದಳು. "ನಿಂದೇನೇ? ನಿನಗೂ ಚೀಟಿನಾ? ಮಾತ್ರೆ ಕೇಳೋಕೂ ದೊಡ್ಡಾಸ್ಪತ್ರೆನಾ?"

ಸ್ಲಾವ್ಕಾ ಬಾಯಿ ತೆರೆದಳು. ಎಲ್ಲರೂ ನೋಡುತ್ತಿದ್ದರು. ಅವಳ ಬಲಗೈ ಮಾತ್ರ ತಾನಾಗಿಯೇ ಮೇಲೆದ್ದು ಕೋಟಿನ ಮೇಲಿಂದಲೇ ಎಡ ಎದೆಯ ಪಕ್ಕ ಒತ್ತಿ ನಿಂತಿತು.

ಗಿನ್ಕಾ ಹತ್ತಿರ ಬಂದಳು. ಮುಖಕ್ಕೆ ಮುಖ ತಗಲುವಷ್ಟು ಹತ್ತಿರ ಬಂದು ಆ ಕೈಯನ್ನು ನೋಡಿದಳು.

"ಎಷ್ಟು ದಿನ ಆಯ್ತು?" ಎಂದು ಯಾರಿಗೂ ಕೇಳಿಸದ ಹಾಗೆ ಕೇಳಿದಳು.

"ಬೇಸಿಗೆ ಕೊನೇಲಿ, ಪ್ಲಮ್ ಹಣ್ಣು ಕೀಳೋವಾಗ ಗೊತ್ತಾಯ್ತು."

"ಮಿಂಚೊಗೆ ಗೊತ್ತಾ?"

ಸ್ಲಾವ್ಕಾ ಕೋಟನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು.

"ಕತ್ತೆ ನೀನು," ಎಂದಳು ಗಿನ್ಕಾ. ಆಮೇಲೆ ಬೆಂಚಿನ ಕಡೆ ತಿರುಗಿ, ರೈಲಿನ ಗದ್ದಲಕ್ಕೆ ಹೇಳಿ ಮಾಡಿಸಿದ ಗಂಟಲಲ್ಲಿ ಕೂಗಿದಳು: "ಪಕ್ಕಕ್ಕೆ ಸರೀರಿ! ಇವಳು ನನ್ನ ಮುಂದೆ ಇದ್ದೋಳು. ನಾನೇ ಮರ್ತಿದ್ದೆ."

"ಅದ್ಹೇಗೆ? ಅವರು ಈಗ ತಾನೆ—"

"ನಿನ್ನ ಕಿವಿ ಗುಂಯ್ ಅನ್ನುತ್ತಲ್ಲ, ಸರಿಯಾಗಿ ಕೇಳಿಸಿರಲ್ಲ. ಬಿಡು."

ಪೆಂಚೊ ಹೊರಗೆ ಬಂದ. ಸ್ಲಾವ್ಕಾ ಒಳಗೆ ಹೋದಳು. ಗಿನ್ಕಾ ಬಾಗಿಲನ್ನು ಪೂರ್ತಿ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು. ಸುಮ್ಮನೆ ಕೇಳುವುದಕ್ಕೆಂದು ಬಂದ ಹುಡುಗಿಯೊಬ್ಬಳಿಗೆ, "ಇವತ್ತು ಯಾರೂ ಏನೂ ಕೇಳಲ್ಲ" ಎಂದಳು. ಬಾನಿತ್ಸಾದವನು ಗಡಿಯಾರ ನೋಡಿದ. ಯಾರೂ ಊರ ಸುದ್ದಿ ತೆಗೆಯಲಿಲ್ಲ.

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಸ್ಲಾವ್ಕಾಳ ಕೈಯಲ್ಲಿ ಚೀಟಿ ಇತ್ತು. ಹಿಂದೆ ಡಾಕ್ಟರು ಫೋನಿನಲ್ಲಿ ಯಾರ ಜೊತೆಗೋ, "ಇಲ್ಲ, ಮುಂದಿನ ವಾರ ಆಗಲ್ಲ, ನಾಳೆ" ಎಂದು ಗಟ್ಟಿಯಾಗಿ ಹೇಳುತ್ತಿರುವುದು ಕೇಳಿಸಿತು. ಸ್ಲಾವ್ಕಾ ಯಾವ ಕಡೆ ಹೋಗಬೇಕೆಂದು ಮರೆತವಳಂತೆ ನಡುವೆಯೇ ನಿಂತಳು. ಕೋಟಿನ ಗುಂಡಿಗಳೆಲ್ಲ ಮೇಲೆ ಕೆಳಗಾಗಿದ್ದವು.

"ಬಾ ಇಲ್ಲಿ," ಎಂದು ಗಿನ್ಕಾ ಅವಳನ್ನು ಎಳೆದುಕೊಂಡಳು. ಗುಂಡಿಗಳನ್ನೆಲ್ಲ ಬಿಚ್ಚಿ, ಕೆಳಗಿನಿಂದ ಒಂದೊಂದಾಗಿ ಬೆರಳಲ್ಲೇ ತಡವಿ ಹುಡುಕಿ ಹಾಕತೊಡಗಿದಳು.

"ಚೀಟಿ ಮುಗೀತು," ಎಂದಳು ಸಿಸ್ಟರ್ ಯುಲಿಯಾ. "ಉಳಿದವ್ರು ಬರೋ ತಿಂಗಳು ಬನ್ನಿ."

ಗಿನ್ಕಾ ತಲೆ ಎತ್ತಲಿಲ್ಲ. ಕತ್ತಿನ ಹತ್ತಿರದ ಗುಂಡಿಯ ತೂತು ಅವಳ ಬೆರಳಿಗೆ ಇನ್ನೂ ಸಿಕ್ಕಿರಲಿಲ್ಲ.