ಮಾನಸಿಯ ಹೆಸರಿನ ವೀಲ್‌ಚೇರ್

ಡೊಂಬಿವಿಲಿ ಸ್ಟೇಷನ್ನಿನ ಸೇತುವೆಯ ಮೇಲೆ ಹರಿಣಾಕ್ಷಿ ಓಡುತ್ತಿದ್ದಳು. ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದು ಕೈಯಲ್ಲಿ ಎದೆಗವಚಿದ ಕಾಗದಗಳ ಚೀಲ. ಹಾಗೆ ಓಡಿ ಎಷ್ಟೋ ವರ್ಷವಾಗಿತ್ತು. ಗಂಡನ ಹೋಟೆಲಿಗೆ ತಿಂಗಳ ಸಾಮಾನು ತರುವಾಗಲೂ ಅವಳು ನಿಧಾನವಾಗಿಯೇ ನಡೆಯುವವಳು. ಇವತ್ತು ಮಾತ್ರ ಕಾಲಿಗೆ ಯಾರೋ ಕೀಲಿ ಕೊಟ್ಟ ಹಾಗಿತ್ತು.

"ಮಮ್ಮಿ, ಜಲ್ದಿ! ಗಾಡಿ ಲಗ್ ಗಯೀ!" ಗಾಡಿ ಬಂದು ನಿಂತದ್ದು ಕಂಡು ಮುಂದಿನಿಂದ ಮಗಳು ಅನುಷ್ಕಾ ಕೂಗಿದಳು.

"ಬಂದೆ ಮಾರಾಯ್ತಿ! ನನಗೆಂತ ರೆಕ್ಕೆ ಉಂಟಾ?"

ಹೆಂಗಸರ ಡಬ್ಬಿಗೆ ಹತ್ತಿ ಉಸಿರು ಬಿಟ್ಟಾಗ ಎದುರಿನ ಕಿಟಕಿಯ ಪಕ್ಕ ಸತ್ಯಭಾಮಾ ಕೂತಿದ್ದಳು. ಪಕ್ಕದಲ್ಲಿ ಅವಳ ಮಗಳು ಮಾನಸಿ. ಮಾನಸಿ ನಕ್ಕು ಸರಿದು ಜಾಗ ಮಾಡಿದಳು. ಸತ್ಯಭಾಮಾ ಕಿಟಕಿಯಾಚೆ ನೋಡಿದಳು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಇಬ್ಬರದೂ ಒಂದೇ ಮಹಡಿಯ ಎದುರುಬದುರು ಬಾಗಿಲು. ಮದುವೆಯಾಗಿ ಉಡುಪಿ ಕಡೆಯಿಂದ ಬಂದ ಕಾಲದಿಂದ ಆ ಎರಡು ಬಾಗಿಲುಗಳ ನಡುವೆ ಪಾತ್ರೆಗಳು ಓಡಾಡುತ್ತಿದ್ದವು. ಇಲ್ಲಿಂದ ಪತ್ರೊಡೆ ಹೋದರೆ ಅಲ್ಲಿಂದ ಅದೇ ಪಾತ್ರೆಯಲ್ಲಿ ಉಪ್ಪಿನಕಾಯಿ ಬರಬೇಕು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಸರಿ, ಖಾಲಿ ಪಾತ್ರೆ ಹಿಂದಿರುಗಿಸಬಾರದು. ಕಳೆದ ದೀಪಾವಳಿಗೆ ಹರಿಣಾಕ್ಷಿ ಕಳಿಸಿದ ಪಾತ್ರೆ ಚೆನ್ನಾಗಿ ತೊಳೆದು, ಒರೆಸಿ, ಖಾಲಿಯಾಗಿ ವಾಪಸು ಬಂತು. ಮಾನಸಿ ಅದನ್ನು ಕೊಡುವಾಗ ತಲೆ ಎತ್ತಲಿಲ್ಲ. ಅಂದಿನಿಂದ ಸತ್ಯಭಾಮಾ ಒಂದು ಮಾತೂ ಆಡಿರಲಿಲ್ಲ. ಬೈದಿದ್ದರೆ ಹರಿಣಾಕ್ಷಿಗೆ ನಿದ್ದೆ ಬರುತ್ತಿತ್ತು. ತಿರುಗಿ ಬೈಯಬಹುದಿತ್ತು, ಅತ್ತು ಮುಗಿಸಬಹುದಿತ್ತು. ಖಾಲಿ ಪಾತ್ರೆಗೆ ಏನು ಉತ್ತರ ಕೊಡುವುದು?

ಎಲ್ಲ ಶುರುವಾದದ್ದು ಒಂದು ವೀಲ್‌ಚೇರಿನಿಂದ.

ಕಟ್ಟಡದ ತುಳುವರೆಲ್ಲರ ವಿಮಾನದ ಟಿಕೆಟು ತೆಗೆಯುವವಳು ಹರಿಣಾಕ್ಷಿಯೇ. ಊರಿನಲ್ಲಿ ದೈವದ ನೇಮ ಇರಲಿ, ಗೃಹಪ್ರವೇಶ ಇರಲಿ, ಜನ ಬಂದು ಅವಳ ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದರು. ಒಗ್ಗರಣೆಯ ನಡುವೆಯೇ ಅವಳು ಮಗಳ ಲ್ಯಾಪ್‌ಟಾಪಿನಲ್ಲಿ ಹೆಸರು, ವಯಸ್ಸು, ಎಲ್ಲ ತುಂಬುತ್ತಿದ್ದಳು. ಜೊತೆಗೆ ಅವಳದೊಂದು ಉಪಾಯವಿತ್ತು. ವಯಸ್ಸಾದವರು ಯಾರೇ ಇದ್ದರೂ ವೀಲ್‌ಚೇರ್ ಬೇಕು ಎಂದು ಗುರುತು ಹಾಕಿಬಿಡುವುದು. ಕಾಲುನೋವಿಗಲ್ಲ. ವೀಲ್‌ಚೇರ್ ಇದ್ದರೆ ಅದನ್ನು ತಳ್ಳಲು ಒಬ್ಬ ಮನುಷ್ಯ ಬರುತ್ತಾನೆ. ಅವನು ಜೊತೆಗಿದ್ದರೆ ಕೌಂಟರಿನ ಇಂಗ್ಲಿಷಿಗೆ ಹೆದರಬೇಕಿಲ್ಲ, ಗೇಟು ತಪ್ಪುವುದಿಲ್ಲ, ಓಡುವ ಮೆಟ್ಟಿಲಿನ ಮೇಲೆ ಸೀರೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಕುರ್ಚಿಯ ಮೇಲೆ ಚೀಲ ಇಟ್ಟು ಅವನ ಹಿಂದೆ ನಡೆದುಕೊಂಡು ಹೋದವರೂ ಇದ್ದರು.

ಸತ್ಯಭಾಮಾ ಮತ್ತು ಮಾನಸಿ ಮಂಗಳೂರಿಗೆ ಹೊರಟಾಗಲೂ ಹಾಗೆಯೇ ಆಗಬೇಕಿತ್ತು.

"ನನ್ನ ಹೆಸರಲ್ಲಿ ಹಾಕ್ಬೇಡ," ಸತ್ಯಭಾಮಾ ಬಾಯಿಯ ಎಲೆಯಡಿಕೆ ಒಂದು ದವಡೆಗೆ ಸರಿಸಿ ಹೇಳಿದ್ದಳು. "ಮಂಗಳೂರಲ್ಲಿ ನಮ್ಮ ಅತ್ತಿಗೆ ನಿಂತಿರ್ತಾಳೆ. ನನ್ನನ್ನು ಕುರ್ಚಿಯಲ್ಲಿ ನೋಡಿದ್ರೆ ಮುದುಕಿ ಆದ್ಲು ಅಂತ ಊರಿಡೀ ಹೇಳ್ತಾಳೆ."

"ಓಡುವ ಮೆಟ್ಟಿಲು ಹತ್ತಲಿಕ್ಕೆ ಹೆದರಿ ನಡುಗುವವಳು ಯಾರು ಸತ್ಯಕ್ಕ? ನಾನಾ?"

"ಹೆದರಿಕೆ ಬೇರೆ, ವಯಸ್ಸು ಬೇರೆ."

"ಹಾಗಾದ್ರೆ ಮಾನಸಿ ಹೆಸರಲ್ಲಿ ಹಾಕ್ತೇನೆ. ಅವಳನ್ನು ಯಾರೂ ಮುದುಕಿ ಅನ್ನುದಿಲ್ಲ. ಜನ ಬಂದ್ರೆ ಆಯ್ತಲ್ಲ!"

ಇಬ್ಬರೂ ನಕ್ಕಿದ್ದರು. ಕಾರಣ ಕೇಳುವ ಜಾಗದಲ್ಲಿ ಹರಿಣಾಕ್ಷಿ ತನ್ನ ಎಂದಿನ ಇಂಗ್ಲಿಷಿನಲ್ಲಿ ಬರೆದಳು: ಮೆಟ್ಟಿಲು ಹತ್ತಲಾರರು.

ಆಮೇಲೊಂದು ದಿನ ಗರಿ ಏರ್‌ಲೈನ್ಸ್ ಎಂಬ ಆ ವಿಮಾನ ಕಂಪನಿಯ ಪ್ರಯಾಣಿಕರ ವಿವರಗಳೆಲ್ಲ ಹೊರಗೆ ಸೋರಿಹೋದವು. ಹೆಸರು, ಹುಟ್ಟಿದ ದಿನ, ಯಾರಿಗೆ ಏನು ಕಾಯಿಲೆ, ಎಲ್ಲವೂ. ಮಂಗಳೂರು ವಿಮಾನದ ಒಂದು ಪುಟದ ಚಿತ್ರ ಸಮಾಜದ ವಾಟ್ಸಾಪ್ ಗುಂಪುಗಳಲ್ಲಿ ಕೈಯಿಂದ ಕೈಗೆ ಹಾರಿತು. ಅದರಲ್ಲಿ ಮಾನಸಿಯ ಹೆಸರು, ವಯಸ್ಸು, ಪಕ್ಕದಲ್ಲಿ ವೀಲ್‌ಚೇರ್, ಮೆಟ್ಟಿಲು ಹತ್ತಲಾರರು.

ಆ ಹೊತ್ತಿಗೆ ಥಾಣೆಯ ಘೋಡಬಂದರ್ ರಸ್ತೆಯ ರಮಾಮಣಿಯವರ ಮಗ ಸುಜನ್‌ನೊಂದಿಗೆ ಮಾನಸಿಯ ಮದುವೆಯ ಮಾತುಕತೆ ಬಹುಮಟ್ಟಿಗೆ ಮುಗಿದಿತ್ತು. ನಿಶ್ಚಿತಾರ್ಥಕ್ಕೆ ಹಾಲ್ ನೋಡುವುದಷ್ಟೇ ಬಾಕಿ. ರಮಾಮಣಿ ಫೋನು ಎತ್ತುವುದನ್ನು ನಿಲ್ಲಿಸಿದರು. ಬೇಡ ಎನ್ನಲಿಲ್ಲ, ಏಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಉತ್ತರವಿತ್ತು. ಹುಡುಗಿಗೆ ಕಾಲು ಸರಿಯಿಲ್ಲವಂತೆ, ಮುಚ್ಚಿಟ್ಟಿದ್ದರಂತೆ ಎಂಬ ಮಾತು ಮಾತ್ರ ಕಲ್ಯಾಣದವರೆಗೂ ಹೋಗಿ ಬಂತು. ಮೌನವೂ ಒಂದು ಮನೆಯಿಂದ ಇನ್ನೊಂದು ಮನೆಗೆ ಅಂಟುತ್ತದೆಯೋ ಏನೋ. ರಮಾಮಣಿಯವರದು ಸತ್ಯಭಾಮಾಳಿಗೆ ಬಂತು, ಸತ್ಯಭಾಮಾಳದು ಹರಿಣಾಕ್ಷಿಯ ಬಾಗಿಲಿಗೆ.

ಕಂಪನಿಯ ಮೇಲೆ ಪರಿಹಾರದ ದೂರು ಹಾಕೋಣ ಎಂದವಳು ಅನುಷ್ಕಾ. ಕಾನೂನು ಓದಿ ಕಲ್ಯಾಣದ ವಕೀಲರೊಬ್ಬರ ಕೈಕೆಳಗೆ ಆಗಷ್ಟೇ ಸೇರಿದ್ದಳು. ದೂರುದಾರರು ಹರಿಣಾಕ್ಷಿ ಮತ್ತು ಮಾನಸಿ. ಪರಿಹಾರದ ಜೊತೆಗೆ ಇನ್ನೊಂದನ್ನು ಹರಿಣಾಕ್ಷಿ ಹಟ ಹಿಡಿದು ಬರೆಸಿದಳು. ವಿವರ ಸೋರಿದ್ದು ನಮ್ಮಿಂದ, ಹುಡುಗಿಯದು ತಪ್ಪಿಲ್ಲ ಎಂದು ಕಂಪನಿ ಮಾನಸಿಗೆ ಬರೆದು ಕೊಡಬೇಕು.

ಕಂಪನಿ ಒಂದೇ ಮಾತು ಹಿಡಿದು ಕೂತಿತ್ತು. ಸೋರಿಕೆ ಆಗಿಯೇ ಇಲ್ಲ, ಆ ಚಿತ್ರ ಯಾರೋ ಕಟ್ಟಿದ ನಕಲಿ.

ಥಾಣೆಯಲ್ಲಿ ಇಳಿದು ನವಿ ಮುಂಬಯಿಯ ಗಾಡಿ ಹತ್ತಿದ ಮೇಲೆ ಅನುಷ್ಕಾ ತಾಯಿಯ ಕಿವಿಯ ಹತ್ತಿರ ಬಗ್ಗಿದಳು.

"ಮಮ್ಮಿ, ಸುನೋ. ವೀಲ್‌ಚೇರ್ ಯಾಕೆ ಹಾಕಿದ್ದು ಅಂತ ನೀನಾಗಿ ಬಿಲ್ಕುಲ್ ಹೇಳ್ಬೇಡ. ಸುಳ್ಳು ಬರೆದಿದ್ದೀರಿ ಅಂತ ಕೇಸೇ ಉಡಾಯಿಸ್ತಾರೆ. ಚುಪ್ ಬೈಠನಾ."

ಹರಿಣಾಕ್ಷಿ ತಲೆಯಾಡಿಸಿದಳು. ಸುಮ್ಮನಿದ್ದರೆ ಪರಿಹಾರ ಸಿಗಬಹುದು. ಆದರೆ ಸುಮ್ಮನಿದ್ದರೆ ಮಾನಸಿ ಕಾಗದದ ಮೇಲೆ ಮೆಟ್ಟಿಲು ಹತ್ತಲಾರದವಳಾಗಿಯೇ ಉಳಿಯುತ್ತಾಳಲ್ಲ? ಗಾಡಿ ಐರೋಲಿ ದಾಟಿತು.

"ಆಂಟಿ," ಮಾನಸಿ ಮೆಲ್ಲಗೆ ಅಂದಳು, "ಅವ್ರು ಕೇಳಿದ್ರೆ ನಾನು ಅಲ್ಲಿ ನಡೆದು ತೋರಿಸ್ಬೇಕಾ?"

"ಛೆ, ಎಂತ ಮಾತು!"

"ಇಲ್ಲಾ, ಯೋಚನೆ ಮಾಡ್ತಾ ಇದ್ದೆ. ನಿಜಕ್ಕೂ ಕಾಲು ಸರಿ ಇಲ್ಲದಿದ್ರೂ ಏನು? ಒಂದು ಮಾತು ಕೇಳ್ಬಹುದಿತ್ತಲ್ಲ."

ಕಿಟಕಿಯ ಪಕ್ಕದ ಸತ್ಯಭಾಮಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

ಬೇಲಾಪುರದ ಗ್ರಾಹಕ ವೇದಿಕೆಯ ಕಟ್ಟಡದಲ್ಲಿ ಅಂದು ಲಿಫ್ಟು ಕೆಟ್ಟಿತ್ತು. ನಾಲ್ವರೂ ಮೆಟ್ಟಿಲು ಹತ್ತಿದರು. ಮಾನಸಿ ಎಲ್ಲರಿಗಿಂತ ಮೊದಲು ಮೇಲೆ ಮುಟ್ಟಿ, ಕೆಳಗಿಳಿದು ಬಂದು ಹರಿಣಾಕ್ಷಿಯ ಚೀಲವನ್ನೂ ಎತ್ತಿಕೊಂಡು ಹೋದಳು. ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದ ಕಪ್ಪು ಕೋಟಿನವರೊಬ್ಬರು ಅವಳನ್ನು ನಿಂತು ನೋಡಿದ್ದನ್ನು ಯಾರೂ ಗಮನಿಸಲಿಲ್ಲ.

ಅವರು ಕಂಪನಿಯ ವಕೀಲರು.

ಒಳಗೆ ಹೆಸರು ಕೂಗಿದಾಗ ಅವರು ಎದ್ದು ನಗುತ್ತಲೇ ಶುರುಮಾಡಿದರು. "ಮಹೋದಯ, ಚಿತ್ರ ನಕಲಿ ಎನ್ನುವುದಕ್ಕೆ ಸಾಕ್ಷಿ ಇವತ್ತು ತಾನಾಗಿ ಮೆಟ್ಟಿಲು ಹತ್ತಿ ಬಂದಿದೆ. ಚಿತ್ರದಲ್ಲಿರುವ ಮಾನಸಿಗೆ ವೀಲ್‌ಚೇರ್ ಬೇಕು, ಮೆಟ್ಟಿಲು ಹತ್ತಲಾಗದು. ಇಲ್ಲಿ ಕೂತಿರುವ ಮಾನಸಿ ಈಗ ತಾನೇ ನನ್ನ ಮುಂದೆ ಹತ್ತಿ, ಇಳಿದು, ಮತ್ತೆ ಹತ್ತಿದಳು. ಇಂಥ ದಾಖಲೆ ನಮ್ಮಲ್ಲಿ ಇರಲು ಸಾಧ್ಯವೇ? ಯಾರೋ ಕಟ್ಟಿದ ಕಾಗದ ಇದು."

ಅನುಷ್ಕಾ ಕಾಗದ ತಿರುವಿದಳು, ಮತ್ತೆ ತಿರುವಿದಳು. ಅವಳ ಕಿವಿ ಕೆಂಪಾಯಿತು.

ವೇದಿಕೆಯ ಅಧ್ಯಕ್ಷರು ಕನ್ನಡಕದ ಮೇಲಿನಿಂದ ನೋಡಿದರು. "ದೂರುದಾರರು ಏನಾದರೂ ಹೇಳುತ್ತೀರಾ?"

ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು. ತನ್ನ ಮೊಣಕೈಯನ್ನು ಮಗಳು ಹಿಂಡುತ್ತಿರುವುದು ಹರಿಣಾಕ್ಷಿಗೆ ಗೊತ್ತಾಯಿತು. ಬೆಂಚಿನ ಆ ತುದಿಯಲ್ಲಿ ಸತ್ಯಭಾಮಾ ತಲೆ ತಗ್ಗಿಸಿದ್ದಳು. ಆ ಬಗ್ಗಿದ ಕತ್ತನ್ನು ನೋಡಿದ ಕೂಡಲೆ ಹರಿಣಾಕ್ಷಿಗೆ ಆ ಖಾಲಿ ಪಾತ್ರೆ ಕಂಡಿತು.

ಅವಳು ಎದ್ದು ನಿಂತಳು.

"ಸಾಹೇಬ್, ಕಾಲು ಸರಿಯುಂಟು. ವೀಲ್‌ಚೇರ್ ಅಂತ ಬರೆದದ್ದು ನಾನು," ತನಗೆ ಬಂದ ಮರಾಠಿಯಲ್ಲಿ ಅಂದಳು. "ಕುರ್ಚಿಗಲ್ಲ, ತಳ್ಳುವ ಮನುಷ್ಯನಿಗಾಗಿ. ನಮ್ಮವರು ಏರ್‌ಪೋರ್ಟಿನಲ್ಲಿ ದಾರಿ ತಪ್ಪುತ್ತಾರೆ. ಕೇಳಲು ನಾಚಿಕೆ. ಕುರ್ಚಿ ಇದ್ದರೆ ಒಬ್ಬ ಬರ್ತಾನೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅನುಷ್ಕಾ ಹಣೆಗೆ ಕೈ ಹಚ್ಚಿದಳು.

"ಮತ್ತೆ ಇನ್ನೊಂದುಂಟು. ಚಿತ್ರದಲ್ಲಿ ಅರ್ಧ ಮಾತ್ರ ಬಂದಿದೆ, ಅಂಚು ಕತ್ತರಿಸಿದೆ. ಮೆಟ್ಟಿಲು ಹತ್ತಲಾರರು ಅಂತ ಆದ ಮೇಲೆ ನಾನು ಯಾವಾಗಲೂ ಇನ್ನೊಂದು ಸಾಲು ಬರೆಯುತ್ತೇನೆ. ದಯವಿಟ್ಟು ತುಳು ಬರುವವರನ್ನು ಕಳಿಸಿ. ಅದು ಕಂಪನಿಯ ಹತ್ತಿರ ಇರಬೇಕು. ಅವರೇ ನೋಡಲಿ!"

ಈ ಸಲ ಅಧ್ಯಕ್ಷರೇ ನಕ್ಕರು. ಪಕ್ಕದ ಮಹಿಳಾ ಸದಸ್ಯೆ ಮಾತ್ರ ನಗಲಿಲ್ಲ. ಅವರು ವಕೀಲರತ್ತ ಕೈ ಚಾಚಿದರು. "ನಿಮ್ಮ ಬುಕಿಂಗ್ ದಾಖಲೆ ತಂದಿದ್ದೀರಲ್ಲ? ಆ ಪುಟ ತೆಗೆಯಿರಿ."

ವಕೀಲರ ಸಹಾಯಕಿ ಫೈಲು ತೆರೆದಳು. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು, ಒಂದು ಕಡೆ ನಿಂತಿತು. ಅವಳು ತುಟಿ ಕಚ್ಚಿ ನಗು ತಡೆದು ಫೈಲನ್ನು ತನ್ನ ಹಿರಿಯರ ಮುಂದೆ ಸರಿಸಿದಳು. ವಕೀಲರು ಓದಿದರು. ಅವರ ಮುಖದ ಬಣ್ಣ ಬದಲಾಯಿತು. ತಕ್ಷಣ ಸಾವರಿಸಿಕೊಂಡು ದನಿ ಏರಿಸಿದರು.

"ನೋಡಿ ಮಹೋದಯ! ಹಾಗೆಯೇ ಬರೆದಿದ್ದಾರೆ, ತುಳುವಿನ ಸಾಲೂ ಇದೆ! ಅಂದರೆ ಇವರು ಕಂಪನಿಗೆ ಸುಳ್ಳು ಮಾಹಿತಿ ಕೊಟ್ಟಿದ್ದಾರೆ. ಸುಳ್ಳು ಮಾಹಿತಿ ಹೊರಗೆ ಹೋದರೆ ಯಾರಿಗೆ ಏನು ನಷ್ಟ?"

"ಒಂದು ನಿಮಿಷ," ಸದಸ್ಯೆ ಅಂದರು. "ಇಷ್ಟು ಹೊತ್ತು ಚಿತ್ರ ಸುಳ್ಳು ಅನ್ನುತ್ತಿದ್ದಿರಿ. ಈಗ ಮಾಹಿತಿ ಸುಳ್ಳು, ಅದು ಹೊರಗೆ ಹೋದದ್ದು ನಿಜ ಅನ್ನುತ್ತೀರಿ. ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಿ."

ಮತ್ತೆ ಫ್ಯಾನಿನ ಸದ್ದು. ಈ ಮೌನ ಎಷ್ಟು ಸಿಹಿಯಾಗಿತ್ತೆಂದರೆ ಹರಿಣಾಕ್ಷಿಗೆ ಅದನ್ನು ಪಾತ್ರೆಯಲ್ಲಿ ಹಾಕಿ ಮನೆಗೆ ಒಯ್ಯಬೇಕೆನಿಸಿತು. ಆದರೆ ಬಾಯಿ ತಡೆಯಲಿಲ್ಲ.

"ಸಾಹೇಬ್, ಸುಳ್ಳು ಹೇಳಿದ್ದು ತಪ್ಪೇ. ಆದರೆ ನಾನು ಹೇಳಿದ್ದು ಕಂಪನಿಯ ಕಿವಿಯಲ್ಲಿ. ಊರೆಲ್ಲ ಡಂಗುರ ಹೊಡೆದದ್ದು ಕಂಪನಿ."

"ಅವಳದ್ದಲ್ಲ ತಪ್ಪು!"

ಎಲ್ಲರೂ ತಿರುಗಿದರು. ಸತ್ಯಭಾಮಾ ಎದ್ದು ನಿಂತಿದ್ದಳು. ಮರಾಠಿ, ಹಿಂದಿ, ಕನ್ನಡ ಎಲ್ಲ ಒಟ್ಟಿಗೆ ನುಗ್ಗಿ ಬಂದವು. "ಕುರ್ಚಿ ಬೇಕಿದ್ದದ್ದು ನನಗೆ ಸಾಹೇಬ್. ಮುದುಕಿ ಅಂತಾರೆ ಅಂತ ನನ್ನ ಹೆಸರು ಬೇಡ ಅಂದೆ. ಅದಕ್ಕೇ ಮಗಳ ಹೆಸರು ಬಂತು. ನನ್ನ ವಯಸ್ಸು ಬೇಕಾದ್ರೆ ಬರ್ಕೊಳ್ಳಿ, ಅರವತ್ತೊಂದು!"

"ಅದು ಆಗಲೇ ಸೋರಿದೆ, ಮಾ," ಮಾನಸಿ ಪಿಸುಗುಟ್ಟಿದಳು. ಕೋಣೆಯಲ್ಲಿ ನಗು ಅಲೆಯಾಗಿ ಎದ್ದಿತು.

ಅಧ್ಯಕ್ಷರು ಮೇಜು ತಟ್ಟಿದರು. ಮೊದಲು ಹರಿಣಾಕ್ಷಿಗೇ ಬೈದರು. ನಿಜವಾಗಿ ನಡೆಯಲಾರದವರೊಬ್ಬರು ಆ ಹೊತ್ತು ಕುರ್ಚಿಗಾಗಿ ಕಾಯುತ್ತ ಕೂತಿದ್ದರೆ? ಸಹಾಯಕ್ಕೆ ಜನ ಬೇಕು ಎಂದೇ ಬರೆಯಬಹುದಿತ್ತಲ್ಲ? ಹರಿಣಾಕ್ಷಿ ತಲೆ ಬಗ್ಗಿಸಿದಳು. ಹಾಗೊಬ್ಬರು ಕಾಯುತ್ತಿರಬಹುದೆಂದು ಅವಳಿಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಆಮೇಲೆ ಅಧ್ಯಕ್ಷರು ಬರೆಸಿದರು. ವಿವರ ತಮ್ಮಲ್ಲಿಂದಲೇ ಹೊರಹೋಗಿದೆ ಎಂದು ಕಂಪನಿಯ ವಕೀಲರು ಒಪ್ಪಿದ್ದಾರೆ. ಮಾನಸಿಗೆ ಕಂಪನಿ ಕ್ಷಮೆಯ ಪತ್ರ ಕೊಡಬೇಕು. ಪರಿಹಾರದ ಮೊತ್ತ ಮುಂದಿನ ತಾರೀಖಿಗೆ.

ಹೊರಗೆ ಬಂದದ್ದೇ ಅನುಷ್ಕಾ ತಾಯಿಯನ್ನು ಅಪ್ಪಿ ಎತ್ತಿಯೇ ಬಿಟ್ಟಳು. "ಜೀತ್ ಗಯೇ, ಮಮ್ಮಿ! ಚುಪ್ ಇರು ಅಂತ ಎಷ್ಟು ಹೇಳಿದ್ದೆ! ಒಳ್ಳೇದಾಯ್ತು, ನನ್ನ ಮಾತು ನೀನು ಕೇಳಲೇ ಇಲ್ಲ!"

"ಇಳಿಸು ಮಾರಾಯ್ತಿ, ನೆರಿಗೆ ಬಿಚ್ತದೆ!"

ಹಿಂದಿರುಗುವ ಗಾಡಿಯಲ್ಲಿ ಹುಡುಗಿಯರಿಬ್ಬರ ಮಾತು ನಿಲ್ಲಲೇ ಇಲ್ಲ. ಪತ್ರ ಬಂದ ಕೂಡಲೆ ರಮಾಮಣಿಯವರಿಗೆ ಕಳಿಸೋಣವೇ ಎಂದು ಅನುಷ್ಕಾ ಕೇಳಿದಳು.

"ಬೇಡ," ಮಾನಸಿ ಅಂದಳು. "ಬೇಕಾದ್ರೆ ಅವರೇ ಕೇಳ್ಲಿ. ಕೇಳಿದ್ಮೇಲೆ ಹೇಳೋದಾ ಬೇಡ್ವಾ ಅಂತ ನಾನು ನೋಡ್ತೇನೆ."

ದೊಡ್ಡವರಿಬ್ಬರು ಮಾತ್ರ ಪಕ್ಕಪಕ್ಕ ಕೂತೂ ಸುಮ್ಮನಿದ್ದರು. ಅದು ಬೆಳಗಿನ ಮೌನವಲ್ಲ ಎಂದು ಹರಿಣಾಕ್ಷಿಗೆ ಗೊತ್ತಿತ್ತು. ಬೆಳಗ್ಗೆ ಅವರ ನಡುವೆ ಮಾನಸಿ ಕೂತಿದ್ದಳು. ಈಗ ಸತ್ಯಭಾಮಾಳ ಭುಜ ಗಾಡಿ ಅಲುಗಿದಾಗಲೆಲ್ಲ ತಾಗುತ್ತಿತ್ತು, ತಾಗಿದ್ದು ಹಿಂದೆ ಸರಿಯುತ್ತಿರಲಿಲ್ಲ.

ಥಾಣೆಯಲ್ಲಿ ಇಳಿದು ಸೇತುವೆ ಹತ್ತುವಷ್ಟರಲ್ಲಿ ಕೆಳಗೆ ಕಲ್ಯಾಣದ ಲೋಕಲ್ ಬಂದು ನಿಂತಿತು. ಸಂಜೆಯ ಜನ ಕಟ್ಟೆಯೊಡೆದ ನೀರಿನಂತೆ ನುಗ್ಗುತ್ತಿತ್ತು.

"ನೀವು ನಿಧಾನ ಬನ್ನಿ, ನಾನು ಸೀಟು ಹಿಡೀತೇನೆ!" ಎಂದವಳೇ ಮಾನಸಿ ಎರಡೆರಡು ಮೆಟ್ಟಿಲು ಹಾರುತ್ತ ಇಳಿದಳು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಜನರ ಸಂದಿಯಲ್ಲಿ ನುಸುಳಿ, ಹೆಂಗಸರ ಡಬ್ಬಿಯ ನಡುವಿನ ಕಂಬ ಹಿಡಿದು ಒಂದೇ ನೆಗೆತಕ್ಕೆ ಒಳಗೆ ಹೋದಳು. ಮರುಗಳಿಗೆಯಲ್ಲೇ ಕಿಟಕಿಯ ಸರಳುಗಳ ನಡುವಿನಿಂದ ಅವಳ ಕೈ ಹೊರಬಂದು ಜೋರಾಗಿ ಬೀಸತೊಡಗಿತು.

ಸೇತುವೆಯ ನಡುವೆ ಸತ್ಯಭಾಮಾ ನಿಂತುಬಿಟ್ಟಳು. ಏದುಸಿರಿನ ನಡುವೆ ಹರಿಣಾಕ್ಷಿಯ ಕೈ ಹಿಡಿದಳು.

"ಹರಿಣಾ, ನೋಡೇ," ಅಂದಳು. ಇಷ್ಟು ತಿಂಗಳ ಮೇಲೆ ಮೊದಲ ಮಾತು. "ಮೆಟ್ಟಿಲು ಹತ್ತಲಾರದವಳು ಹೇಗೆ ಹಾರಿದ್ಲು!"

"ಮುದುಕಿಯರು ನಾವೇ ಇಲ್ಲಿ ನಿಂತಿದ್ದೇವೆ ಸತ್ಯಕ್ಕ. ಗಾಡಿ ಹೋಗ್ತದೆ, ಓಡು!"

"ಯಾರೇ ಮುದುಕಿ?" ಎನ್ನುತ್ತ ಸತ್ಯಭಾಮಾ ನೆರಿಗೆ ಎತ್ತಿದಳು. ಹಿಡಿದ ಕೈ ಬಿಡದೆ ಇಬ್ಬರೂ ಓಡಿದರು.