ಶಿವನಂಜಮ್ಮನ ಸೈಕಲ್ಲು

ಮರಿಸಿದ್ದಯ್ಯ ಸೈಕಲ್ಲಿನ ಸೀಟಿನ ಕೊಳವೆಯ ಬುಡಕ್ಕೆ ಸೀಮೆಎಣ್ಣೆ ಹುಯ್ದು ಸುತ್ತಿಗೆಯಿಂದ ಬಡಿಯುತ್ತಿದ್ದ. ತುಕ್ಕು ಪುಡಿಪುಡಿಯಾಗಿ ಉದುರುತ್ತಿತ್ತೇ ಹೊರತು ಕೊಳವೆ ಅಲುಗಲಿಲ್ಲ. ಮನೆಯ ಮುಂದೆ ಚಪ್ಪರದಡಿ ಅವನ ಹೆಂಡತಿ ಶಿವನಂಜಮ್ಮನನ್ನು ಮಲಗಿಸಿದ್ದರು. ಹಿಂದಿನ ದಿನ ವಿ.ಸಿ. ಫಾರಮ್ಮಿನ ಗದ್ದೆಯಲ್ಲಿ ಕೂಲಿಗೆ ಕಳೆ ಕೀಳುತ್ತಿದ್ದವಳು ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತಳು, ಮತ್ತೆ ಏಳಲಿಲ್ಲ.

ತಮ್ಮ ಸಿದ್ದರಾಮು ಹಿತ್ತಿಲಿಗೆ ಬಂದ. "ಅಣ್ಣ, ಒತ್ತಾಯ್ತಾದೆ. ಬಾಯ್ಗೆ ಆಲುತುಪ್ಪ ಬುಡ್ಬೇಕು, ಎಲ್ರೂ ಕಾಯ್ತಾವ್ರೆ."

"ಬತ್ತೀನಿ ಕಣ್ಲಾ. ಈ ಸೀಟೊಂದು ಬುಟ್ಕೊಳ್ಳಿ."

"ಈಗ್ಲೇ ಆಗ್ಬೇಕಾ ಅದು?"

ಮರಿಸಿದ್ದಯ್ಯ ಮತ್ತೆ ಸುತ್ತಿಗೆ ಎತ್ತಿದ.

ಬೆಳಿಗ್ಗೆ ಸೈಕಲ್ಲನ್ನು ಫಾರಮ್ಮಿನಿಂದ ತಳ್ಳಿಕೊಂಡು ಬಂದವಳು ಮಲ್ಲಿಗಮ್ಮ, ಶಿವನಂಜಮ್ಮನ ಜೊತೆ ಕೂಲಿಗೆ ಹೋಗುತ್ತಿದ್ದವಳು. ಅದನ್ನು ಗೋಡೆಗೆ ಒರಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದ್ದಳು: "ತುಳ್ಕಂಡೇ ಬರನಾ ಅಂತ ಸೈಕಲ್ ಅತ್ತಕ್ಕೋದೆ ಕಣಣ್ಣ. ಕಾಲೇ ಎಟುಕ್ನಿಲ್ಲ. ಅವ್ಳು ನನಗಿಂತ ಗಿಡ್ಡ. ಇದ್ರ ಮ್ಯಾಲೆ ದಿನಾ ಎಂಗ್ ಬತ್ತಿದ್ಲೋ."

*

ಅದು ಅವನದೇ ಸೈಕಲ್ಲು. ಮೊಪೆಡ್ಡು ಕೊಂಡ ವರ್ಷ ಹೆಂಡತಿಗೆ ಬಿಟ್ಟುಕೊಟ್ಟಿದ್ದ. ಅವನು ಊರಿಗೇ ಎತ್ತರದ ಆಳು. ಸೀಟು ಅವನ ಕಾಲಿಗೆ ಏರಿಸಿದ್ದು. ಇಳಿಸಿಕೊಡು ಎಂದು ಅವಳು ಕೇಳಿದಾಗ ಸ್ಪ್ಯಾನರ್ ಹಾಕಿ ನೋಡಿದ. ಕೊಳವೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

"ಬರಲ್ಲ ಕಣೆ. ಸೈಕಲ್ ಸಾಪ್ಗೆ ತಕ್ಕೊಂಡೋಗಿ ಬುಡಿಸ್ಬೇಕು."

"ಯಾವಾಗ?"

"ಓಯ್ತೀನಿ ಬುಡು ಒಂದಿನ."

ಆಮೇಲೂ ಅವಳು ಕೇಳಿದ್ದಿರಬಹುದು. ನಾಲೆಯ ಏರಿಯ ಮೇಲೆ ಅವಳು ಸೀಟಿನ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ಸೊಂಟ ಹೊರಳಿಸುತ್ತ ತುಳಿಯುವುದನ್ನು ಅವನು ಮೊಪೆಡ್ಡಿನಲ್ಲಿ ಹಿಂದಿನಿಂದ ಬರುತ್ತ ಎಷ್ಟೋ ಸಲ ನೋಡಿದ್ದ. ಹಾರನ್ ಹೊಡೆದು ಮುಂದೆ ಹೋಗಿದ್ದ. ಇಳಿಯಬೇಕಾದಾಗ ಅವಳು ಮೈಲಿಗಲ್ಲನ್ನೋ ಮೋರಿಕಟ್ಟೆಯನ್ನೋ ಹುಡುಕಿಕೊಳ್ಳುತ್ತಿದ್ದಳು. ಸೊಂಟ ಹಿಡಿದಿದೆ ಎಂದರೆ ಅವನೇ ಮುಲಾಮು ಹಚ್ಚಿ ತಿಕ್ಕುತ್ತಿದ್ದ. ಯಾಕೆ ಹಿಡಿಯಿತು ಎಂದು ಕೇಳಿರಲಿಲ್ಲ.

*

ಮಗಳು ಭಾಗ್ಯಲಕ್ಷ್ಮಿ ಬಂದಳು. ಅತ್ತೂ ಅತ್ತೂ ಅವಳ ದನಿ ಕಟ್ಟಿಹೋಗಿತ್ತು.

"ಇನ್ಯಾರಪ್ಪ ಓಡಿಸ್ತಾರೆ ಅದ್ನ?"

"ನಂಗೊತ್ತಿಲ್ಲ ಕಣವ್ವ."

ಅವಳು ಬಗ್ಗಿ ಕೊಳವೆಯನ್ನು ಮುಟ್ಟಿ ನೋಡಿದಳು. ಆಮೇಲೆ ಒಲೆಯ ಬಳಿ ಹೋಗಿ, ಅವ್ವನ ಸ್ನಾನಕ್ಕೆ ಕಾಯಿಸಿ ಹಂಡೆಯಲ್ಲಿ ಉಳಿದಿದ್ದ ಕುದಿನೀರನ್ನು ಚೊಂಬಿನಲ್ಲಿ ತಂದು ಕೊಳವೆಯ ಸುತ್ತ ಹುಯ್ದಳು. ಹಿಂದಿನ ಚಕ್ರವನ್ನು ಎರಡೂ ಮಂಡಿಗಳ ನಡುವೆ ಅದುಮಿ ಹಿಡಿದಳು.

"ಈಗ ತಿರುಗ್ಸು."

ಮರಿಸಿದ್ದಯ್ಯ ಸೀಟನ್ನು ತಬ್ಬಿ ಮೈಯ ಭಾರವನ್ನೆಲ್ಲ ಹಾಕಿ ತಿರುಚಿದ. ಕಬ್ಬಿಣ ಕಿರ್ರೆಂದು ಕೂಗಿತು. ಸೀಟು ಸರ್ರನೆ ಕೆಳಗಿಳಿಯಿತು.

ಅವನು ಸ್ಪ್ಯಾನರ್ ಹಿಡಿದು ಹಾಗೇ ನಿಂತ. "ಎಷ್ಟಕ್ಕೆ ನಿಲ್ಲಿಸ್ಬೇಕವ್ವ?" ಎಂದ. ಕೈಯನ್ನು ತನ್ನ ಎದೆಯ ಮಟ್ಟಕ್ಕೆ ಹಿಡಿದ, ಇನ್ನಷ್ಟು ಕೆಳಗೆ ತಂದ. "ಅವ್ಳು ಎಷ್ಟುದ್ದ ಇದ್ಲು?"

ಭಾಗ್ಯಲಕ್ಷ್ಮಿ ಬಾಯಿಗೆ ಸೆರಗು ಒತ್ತಿಕೊಂಡಳು.

ಅವನು ಚಪ್ಪರದ ಕಡೆ ನಡೆದ. ಹಾಲುತುಪ್ಪ ಬಿಡಲು ಬಂದನೆಂದು ಹೆಂಗಸರು ಸರಿದು ದಾರಿ ಬಿಟ್ಟರು. ಸಿದ್ದರಾಮು ಬಟ್ಟಲು ಚಾಚಿದ. ಮರಿಸಿದ್ದಯ್ಯ ಅದನ್ನು ತೆಗೆದುಕೊಳ್ಳಲಿಲ್ಲ. ಹೆಂಡತಿಯ ಕಾಲ ಬಳಿ ಕುಕ್ಕುರುಗಾಲಲ್ಲಿ ಕೂತು, ಹೊಸ ಸೀರೆಯ ಮೇಲೆ, ಅವಳ ಹಿಮ್ಮಡಿಗೆ ಹೆಬ್ಬೆರಳಿಟ್ಟು ಕೈ ಅಗಲಿಸಿದ. ಗೇಣು ಗೇಣಾಗಿ ಮೇಲಕ್ಕೆ ಅಳೆದ. ಮಂಡಿಯವರೆಗೆ ಬಂದಾಗ ಲೆಕ್ಕ ತಪ್ಪಿತು. ಕೈ ಹಿಂದಕ್ಕೆ ತೆಗೆದು, ಹಿಮ್ಮಡಿಗೆ ಹೆಬ್ಬೆರಳಿಟ್ಟು ಮೊದಲಿನಿಂದ ಅಳೆಯತೊಡಗಿದ.