ಮುಳುಗಿದ ಕಬ್ಬಿಣ ನಡೆದು ಬಂತು

"ಸಮುದ್ರ ನನಗೆ ಏನೇ ಕೊಟ್ಟರೂ ಮೊದಲು ನಿನ್ನ ಕೈಗೇ ತಂದುಕೊಡ್ತೀನಿ" ಎಂದು ಮದುವೆಯಾದ ಹೊಸದರಲ್ಲಿ ಬಲೆಗಾರ ಹೆಂಡತಿಗೆ ಮಾತು ಕೊಟ್ಟಿದ್ದ. ಮೀನು, ಚಿಪ್ಪು, ಒಮ್ಮೆ ಯಾರದೋ ಒಂಟಿ ಬೂಟು ಕೂಡ ಹಾಗೆಯೇ ಅವಳ ಕೈ ಸೇರಿತ್ತು.

ಬಿರುಗಾಳಿ ಇಳಿದ ಬೆಳಿಗ್ಗೆ ಗಂಡ, ಹೆಂಡತಿ, ಸೊಸೆ ದಡಕ್ಕೆ ಹೋದರು. ನೀರು ಹಿಂದೆ ಸರಿದ ಮರಳಿನಲ್ಲಿ ಚಿಪ್ಪು ಮೆತ್ತಿದ, ಮೊಳದುದ್ದದ ಕಬ್ಬಿಣವೊಂದು ಬಿದ್ದಿತ್ತು.

"ಹಡಗಿನ ತುಂಡಿರಬೇಕು. ಬಲೆಗೆ ಒಳ್ಳೇ ಭಾರ ಆಗುತ್ತೆ!" ಬಲೆಗಾರ ದಾಪುಗಾಲು ಹಾಕಿದ.

"ಮಾವ, ನಿಲ್ಲಿ! ಮುಟ್ಟಬೇಡಿ!" ಸೊಸೆ ತೋಳು ಹಿಡಿದಳು. ಅವಳಿಗೆ ಬಂದರಿನ ಕಚೇರಿಯಲ್ಲಿ ಕೆಲಸ. ಹಳೆಯ ಯುದ್ಧದಲ್ಲಿ ಬಿದ್ದು ಸಿಡಿಯದೆ ಉಳಿದ ಬಾಂಬುಗಳು ಸಮುದ್ರದ ತಳದಲ್ಲಿ ಎಲ್ಲಿ ಹೂತುಹೋಗುತ್ತವೆ, ಎತ್ತ ಸರಿಯುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಾಳೆ.

"ಬಾಂಬು ಇರೋದು ಆಚೆ ನಡುನೀರಿನ ಕಲ್ಲುದಿಬ್ಬದ ಹತ್ತಿರ ಕಣಮ್ಮ. ಅದೇನು ಏಡಿನಾ, ನಡ್ಕೊಂಡು ಬರೋಕೆ? ಮುಳುಗಿದ್ದು ಮುಳುಗಿದ ಕಡೇನೇ ಇರುತ್ತೆ."

"ಇರಲ್ಲ ಮಾವ. ಅಲೆ ಎದ್ದಾಗ ಅದರ ಅಡಿ ಮರಳನ್ನ ನೀರು ಕೆರೆದು ಒಯ್ಯುತ್ತೆ. ಭಾರದ್ದು ಆ ಗುಂಡಿಗೆ ಕುಸಿದು ಹೂತುಹೋಗುತ್ತೆ. ಹಗುರದ್ದು ಉರುಳುತ್ತೆ. ಇನ್ನೊಂದು ಬಿರುಗಾಳಿ ಬಂದ್ರೆ ಹೂತದ್ದೂ ಮೇಲೆ ಬರುತ್ತೆ."

"ಇದು ಇಲ್ಲಿಗೇ ಬರುತ್ತೆ ಅಂತ ನಿನ್ನ ಲೆಕ್ಕ ಹೇಳಿತ್ತಾ?"

"ಬರಬಹುದು ಅಂದಿತ್ತು. ಲೆಕ್ಕ ಕಣಿ ಹೇಳಲ್ಲ ಮಾವ."

ಅತ್ತೆ ಮಾತ್ರ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಕಬ್ಬಿಣಕ್ಕೆ ಬಲೆಯ ಚೂರೊಂದು ಸುತ್ತಿಕೊಂಡಿತ್ತು. ಅದರಲ್ಲಿ ಕೆಂಪು ದಾರದ ಜೋಡಿಗಂಟು.

"ರೀ, ಅದು ನನ್ನ ಗಂಟು! ಆವತ್ತು ಕಲ್ಲುದಿಬ್ಬದಲ್ಲಿ ಹರ್ಕೊಂಡು ಬಂದ್ರಲ್ಲ, ಆ ಬಲೆ! ಕೆಂಪು ದಾರದಲ್ಲಿ ಹೊಲಿಯೋಳು ಈ ಊರಲ್ಲಿ ನಾನೊಬ್ಬಳೇ."

ಬಲೆಗಾರ ಕಲ್ಲುದಿಬ್ಬದ ಕಡೆ ತಿರುಗಿದ. ಕೂಗಿದರೂ ಕೇಳದಷ್ಟು ದೂರ. ತಾನು ಜೀವಮಾನವಿಡೀ ದೋಣಿ ನಡೆಸಿದ ನೀರಿನ ಕೆಳಗೆ ನೆಲವೇ ಹರಿಯುತ್ತಿತ್ತು. ಆ ಕತ್ತಲಲ್ಲಿ ಯಾರ ಅಪ್ಪಣೆಗೂ ಕಾಯದೆ ಅದು ಈ ಕಬ್ಬಿಣವನ್ನು ಮಲಗಿಸಿ, ಹೊದಿಸಿ, ಮತ್ತೆ ಎಬ್ಬಿಸಿ, ಇಲ್ಲಿಯವರೆಗೆ ನಡೆಸಿಕೊಂಡು ಬಂದಿತ್ತು. ಅವನು ಹೆಂಡತಿಯ ಕಡೆ ತಿರುಗಿದ.

"ಇದನ್ನೂ ನಿನ್ನ ಕೈಗೆ ಕೊಡೋನಿದ್ದೆನಲ್ಲೇ..."

"ಕೊಡೋ ಕೈ ಉಳಿದ್ರೆ ಸಾಕು. ಬನ್ನಿ ಹಿಂದಕ್ಕೆ."

ಬಂದ ದಾರಿಯಲ್ಲೇ ಮೂವರೂ ಹಿಂದೆ ಸರಿದರು. ಸೊಸೆ ಪೊಲೀಸರಿಗೆ ಫೋನ್ ಮಾಡಿದಳು. ಅವರು ಬರುವ ತನಕ ದಡಕ್ಕೆ ಬಂದವರನ್ನೆಲ್ಲ ಬಲೆಗಾರನೇ ದೂರದಲ್ಲಿ ತಡೆದು ನಿಲ್ಲಿಸಿದ: "ಹೋಗಬೇಡ್ರಪ್ಪಾ, ಅದಕ್ಕೆ ಕಾಲಿದೆ!"

ದಡದಲ್ಲೋ ಬಲೆಯಲ್ಲೋ ಗುರುತು ಸಿಗದ ಕಬ್ಬಿಣ ಕಂಡರೆ ನೀವೂ ಮುಟ್ಟಬೇಡಿ, ಎಳೆಯಬೇಡಿ. ದೂರ ಸರಿದು ಪೊಲೀಸರಿಗೆ ತಿಳಿಸಿ. ಹೋದ ವರ್ಷ ಇಲ್ಲಿ ಬಾಂಬು ಇರಲಿಲ್ಲ ಎಂಬ ಮಾತನ್ನು ಈ ವರ್ಷ ನಂಬಬೇಡಿ.

ಬಲೆಗಾರ ಅಂದು ಬರಿಗೈಯಲ್ಲಿ ಮನೆಗೆ ಬಂದ. ಕೊಟ್ಟ ಮಾತು ಮುರಿಯಿತು.